ಅಕ್ಕನ ಅಂಗಳದ ಮಳೆ ಬಾಟಲಿ

ಓದುವ ಎಲ್ಲರಿಗೂ ನನ್ನ ನಮಸ್ಕಾರ. ನಾನು ಓದು ಕಲಿತದ್ದು ತಡವಾಗಿ, ಫೋನಿನಲ್ಲಿ ಕನ್ನಡ ಟೈಪ್ ಮಾಡುವುದನ್ನು ಕಲಿತದ್ದು ಇನ್ನೂ ತಡವಾಗಿ. ಒಂದೇ ಬೆರಳಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ಒತ್ತಕ್ಷರ ತಪ್ಪಿರಬಹುದು, ಹೇಳಿದ್ದನ್ನೇ ಇನ್ನೊಂದು ಸಲ ಹೇಳಿರಬಹುದು. ಅಂಥದ್ದು ಕಂಡರೆ ನಿಮ್ಮ ಮನೆಯ ಹುಡುಗ ಬರೆದದ್ದು ಎಂದುಕೊಂಡು ತಿದ್ದಿಕೊಂಡು ಓದಿ.

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಚಾಮರಾಜನಗರದಲ್ಲಿ ಕರಿಕಲ್ಲು ಪಾಲಿಶ್ ಮಾಡುವ ಫ್ಯಾಕ್ಟರಿಗೆ ಸೇರಿ, ಮೀಸೆ ಗಟ್ಟಿಯಾಗುವವರೆಗೂ ಅಲ್ಲೇ ಇದ್ದೆ. ಆ ಕೆಲಸದಲ್ಲಿದ್ದಾಗಲೇ ನನ್ನನ್ನು ಖಾಸಗಿಯಾಗಿ ಎಸ್ಸೆಸ್ಸೆಲ್ಸಿಗೆ ಕಟ್ಟಿಸಿದವಳು ನನ್ನ ಅಕ್ಕ. ಅವಳು ಹತ್ತನೇ ಕ್ಲಾಸು ಪಾಸಾಗಿ ಮನೆಯಲ್ಲಿದ್ದಳು. ನಾನು ಕೆಲಸದಿಂದ ಬಂದು, ಮೈಗೆ ಹತ್ತಿದ ಕಲ್ಲಿನ ಹಿಟ್ಟು ತೊಳೆದುಕೊಂಡು ಅಡುಗೆಮನೆಯ ಹೊಸ್ತಿಲ ಮೇಲೆ ಕೂತರೆ, ಅವಳು ಒಲೆಯ ಮುಂದೆ ಕೂತಲ್ಲಿಂದಲೇ ಪಾಠ ಹೇಳುತ್ತಿದ್ದಳು. ಹೇಳುತ್ತಿದ್ದಳು ಅನ್ನುವುದು ಸರಿಯಲ್ಲ, ಕೇಳುತ್ತಿದ್ದಳು. ಮಳೆ ಹೇಗೆ ಬರುತ್ತದೆ ಎಂದು ನಾನು ಕೇಳಿದ ದಿನ, ಕುದಿಯುತ್ತಿದ್ದ ಅನ್ನದ ಪಾತ್ರೆಯ ಮುಚ್ಚಳ ತೆಗೆದು ನನ್ನ ಮುಖದ ಮುಂದೆ ಹಿಡಿದಳು.

“ಒಳಗಡೆ ಏನದೆ?”

“ನೀರು.”

“ಮುಚ್ಚಳುಕ್ಕೆ ನಾನು ನೀರು ಆಕಿದ್ನಾ? ಎಲ್ಲಿಂದ ಬಂತು, ನೀನೇ ಯೋಚ್ನೆ ಮಾಡು. ಅಲ್ಲೀಗಂಟ ಅನ್ನ ಇಲ್ಲ.”

ಅವತ್ತು ಆರಿದ ಅನ್ನ ತಿಂದೆ. ಆದರೆ ಆ ಪಾಠ ಇವತ್ತಿಗೂ ಮರೆತಿಲ್ಲ. ಎಸ್ಸೆಸ್ಸೆಲ್ಸಿ ಆದ ಮೇಲೆ ಪಿಯುಸಿ, ಡಿಎಡ್, ಆಮೇಲೆ ಮನೆಯಲ್ಲೇ ಓದಿ ಡಿಗ್ರಿ. ಅಷ್ಟು ಹೊತ್ತಿಗೆ ಅಕ್ಕನಿಗೆ ಮದುವೆಯಾಗಿ ಗುಂಡ್ಲುಪೇಟೆ ದಾಟಿ ಮದ್ದೂರಿನ ಕಡೆ, ಕೇರಳಕ್ಕೆ ಹೋಗುವ ದಾರಿಯ ಕಾಡಂಚಿನ ಊರಿಗೆ ಹೋಗಿದ್ದಳು. ನಾನು ಗುಂಡ್ಲುಪೇಟೆ ರಸ್ತೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಗೆ ಅತಿಥಿ ಶಿಕ್ಷಕನಾಗಿ ಸೇರಿದೆ. ಅತಿಥಿ ಅಂದರೆ ಹೆಸರೇ ಹೇಳುವಂತೆ, ಕಾಯಂ ಮೇಷ್ಟ್ರು ವರ್ಗವಾಗಿ ಬಂದ ದಿನ ನಾವು ಎದ್ದು ಹೋಗಬೇಕು.

ಅಕ್ಕನ ಬಗ್ಗೆ ಇನ್ನೊಂದು ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾವು ಚಾಮರಾಜನಗರದ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿ ಗೃಹಪ್ರವೇಶ ಇಟ್ಟುಕೊಂಡಾಗ, ಅಪ್ಪನಿಗೆ ಮಂಡಿ ನೋವು. ನಮ್ಮ ಕಡೆ ಹೆಣ್ಣು ಕೊಟ್ಟ ಮನೆಗೆ ಯಜಮಾನನೇ ಹೋಗಿ, ಹೊಸ್ತಿಲ ಹತ್ತಿರ ನಿಂತು, ಕುಂಕುಮ ಇಟ್ಟು, ಎಲೆ ಅಡಿಕೆ ಕೊಟ್ಟು ಕರೆಯಬೇಕು. ಅಪ್ಪ ಮಗಳ ಮನೆ ತಾನೇ ಎಂದು, ಗುರುತಿನ ಬಸ್ ಕಂಡಕ್ಟರ್ ಕೈಯಲ್ಲಿ ಕಾರ್ಡು ಕೊಟ್ಟು ಕಳಿಸಿದರು. ಮದ್ದೂರಿನ ಭಾವನಿಗೆ ಅದು ಸರಿಬರಲಿಲ್ಲ.

“ಕಂಡಕ್ಟರು ಬಂದು ಕರದ್ನಲ್ಲ, ಕಂಡಕ್ಟರ್ ಮನೆಗೆ ಓಗ್ಬೇಕಾ ನಾವು?” ಅಂದರಂತೆ. ಅವರು ಬರಲಿಲ್ಲ, ಅಕ್ಕನನ್ನೂ ಕಳಿಸಲಿಲ್ಲ. ನಾನು ಹೋಗಿ ಕರೆದೆ. ಭಾವ ನನ್ನನ್ನು ಕೂರಿಸಿ ಕಾಫಿ ಕೊಡಿಸಿದರು, ಚೆನ್ನಾಗಿಯೇ ಮಾತಾಡಿದರು. “ನಿನ್ ಮೇಲೆ ನಂಗೇನಿಲ್ಲ ಕಣಪ್ಪ. ಯಜಮಾನ ಬರ್ಲಿ” ಎಂದು ಕಳಿಸಿದರು. ಇತ್ತ ಅಪ್ಪ, “ನನ್ ಮಗಳ ಮನೆಗೆ ನಾನು ಅರ್ಜಿ ಇಡ್ಕಂಡು ಓಗ್ಬೇಕಾ?” ಎಂದು ಗೋಡೆ ಕಡೆ ತಿರುಗಿ ಮಲಗಿದರು. ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಹೋಗುವುದೂ ನಿಂತಿತು. ಹಬ್ಬದ ದಿನ ಅಕ್ಕನದೊಂದು ಫೋನು ಬರುತ್ತಿತ್ತು. ಅವ್ವ ಹೇಗಿದ್ದೀಯ ಅಂದರೆ “ಎಲ್ಲಾ ಚೆನ್ನಾಗದೆ” ಅನ್ನುವುದು, ಇಟ್ಟುಬಿಡುವುದು. ಮಗಳು ಮಲಗಲೆಂದೇ ಅವ್ವ ಕಟ್ಟಿಸಿದ ಕೋಣೆಯಲ್ಲಿ ಅರಿಶಿನದ ಮೂಟೆ ಇಟ್ಟೆವು.

ಇನ್ನು ಶಾಲೆಯ ವಿಷಯಕ್ಕೆ ಬರುತ್ತೇನೆ.

ಒಂದು ತರಬೇತಿಯಲ್ಲಿ ನಮಗೆ ಹೇಳಿದ್ದರು, ವಿಜ್ಞಾನದ ಉತ್ತರವನ್ನು ಮೊದಲೇ ಹೇಳಬೇಡಿ, ಮಕ್ಕಳೇ ಪ್ರಶ್ನೆ ಕೇಳಲಿ, ಮಕ್ಕಳೇ ಹುಡುಕಲಿ ಎಂದು. ಪಕ್ಕದಲ್ಲಿ ಕೂತವರು, ಪೋರ್ಷನ್ ಮುಗಿಸೋದು ಯಾವಾಗ ಎಂದು ಗೊಣಗಿದರು. ನನಗೆ ಅನ್ನದ ಮುಚ್ಚಳ ನೆನಪಾಯಿತು.

ಜೂನಿನಲ್ಲಿ ಏಳನೇ ಕ್ಲಾಸಿಗೆ ಮಳೆಯ ಪಾಠ ತೆಗೆದೆ. ಕಿಟಕಿಯ ಹೊರಗೆ ಗಾಳಿ ಧೂಳೆಬ್ಬಿಸುತ್ತಿತ್ತು. ಮುಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಕೂರುತ್ತಿದ್ದಳು. ಅವಳ ಅಪ್ಪ ಚೆಂಡುಹೂ ಬೆಳೆಯುತ್ತಿದ್ದರು. ಮನಸ್ಸಿಗೆ ಬಂದದ್ದನ್ನು ಬಾಯಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಆ ಹುಡುಗಿಗೆ ಇರಲಿಲ್ಲ.

“ಸಾ, ಪುಸ್ತಕದಲ್ಲಿ ಜೂನಲ್ಲಿ ಮಳೆಗಾಲ ಸುರು ಅಂತ ಅದೆ. ನಮ್ಮೂರಲ್ಲಿ ಬರೀ ಗಾಳಿ. ಮೋಡ ನಮ್ ತಲೆ ಮೇಲೇ ಓಯ್ತವೆ, ಬೀಳದೇ ಇಲ್ಲ. ಓಗಿ ಎಲ್ಲಿ ಬೀಳ್ತವೆ?”

ಹಿಂದಿನಿಂದ ಒಬ್ಬ ಹುಡುಗ, “ಚಂದಕವಾಡಿಲಿ ಕಣಮ್ಮಿ. ನಿಮ್ಮತ್ತೆ ಮನೆ ಎಂಚಿನ ಮೇಲೆ” ಅಂದ.

“ಬೀಳ್ಲಿ ಬುಡು, ನಿಂಗ್ಯಾಕೆ ಒಟ್ಟೆಉರಿ?”

ಕ್ಲಾಸು ನಕ್ಕಿತು. ನನಗೆ ಉತ್ತರ ಗೊತ್ತಿತ್ತು, ಹೇಳಲಿಲ್ಲ. ನಾಲಿಗೆ ಕಚ್ಚಿ ಹಿಡಿದುಕೊಂಡು, “ಎಲ್ಲಿ ಬೀಳ್ತವೆ ಅಂತ ತಿಳ್ಕೊಳ್ಳೋದು ಹೇಗೆ?” ಎಂದು ಕೇಳಿದೆ. ಬೈಕಿನಲ್ಲಿ ಮೋಡದ ಹಿಂದೆ ಹೋಗುವುದು ಎಂದ ಒಬ್ಬ. ಟೀವಿ ನೋಡುವುದು ಎಂದರು ಕೆಲವರು. ಟೀವಿಯಲ್ಲಿ ನಮ್ಮೂರ ಹೆಸರು ಯಾವಾಗ ಬಂದಿದೆ ಎಂದು ಉಳಿದವರು ಅವರ ಬಾಯಿ ಮುಚ್ಚಿಸಿದರು. ಕೊನೆಗೆ ಅದೇ ಹುಡುಗಿ ಎದ್ದಳು.

“ನಮ್ಮತ್ತೆಗೆ ಫೋನ್ ಮಾಡಿ ಕೇಳ್ಬೋದು ಸಾ.”

ಅಲ್ಲಿಂದ ಶುರುವಾಯಿತು. ಒಬ್ಬನ ಚಿಕ್ಕಮ್ಮ ಹಂಗಳದಲ್ಲಿ, ಇನ್ನೊಬ್ಬಳ ದೊಡ್ಡಮ್ಮ ಗುಂಡ್ಲುಪೇಟೆಯಲ್ಲಿ, ಮತ್ತೊಬ್ಬನ ಅಕ್ಕ ಚಾಮರಾಜನಗರದ ಪಕ್ಕದಲ್ಲಿ. ಹೆಣ್ಣು ಕೊಟ್ಟ ಊರು ಇಲ್ಲದ ಮನೆ ನಮ್ಮ ಕಡೆ ಎಲ್ಲಿದೆ? ಮಕ್ಕಳು ಕೈ ಎತ್ತಿ ಎತ್ತಿ ಹೇಳುತ್ತಿದ್ದರೆ, ಅತ್ತೆ ಚಿಕ್ಕಮ್ಮಂದಿರೆಲ್ಲ ಎರಡು ತಾಲ್ಲೂಕಿನ ಉದ್ದಕ್ಕೂ ಮಳೆ ಕಾಯಲು ನಿಂತಂತೆ ನನಗೆ ಕಂಡಿತು.

ಯಾರದೋ ಹುಟ್ಟುಹಬ್ಬಕ್ಕೆ ಕಟ್ಟಿದ್ದ ಫ್ಲೆಕ್ಸನ್ನು ತಂದು, ಅದರ ಬಿಳಿ ಬೆನ್ನಿನ ಮೇಲೆ ರಸ್ತೆ ಬರೆದೆವು. ಪಡುವಲಿಗೆ ಮದ್ದೂರು, ಆಮೇಲೆ ಗುಂಡ್ಲುಪೇಟೆ, ತೆಂಕಲಿಗೆ ಹಂಗಳ, ನಮ್ಮೂರು, ಚಾಮರಾಜನಗರ, ಅದರಾಚೆ ಮೂಡಲಿಗೆ ಚಂದಕವಾಡಿ. ಮಳೆ ಬಂದ ಊರಿಗೆ ಏನು ಗುರುತು ಎಂದು ಜಗಳವಾಗಿ, ಹುಡುಗಿಯರು ಅಂಗಡಿಯಿಂದ ನೀಲಿ ಸ್ಟಿಕ್ಕರ್ ಬೊಟ್ಟು ತಂದರು. ಹೆಚ್ಚು ಮಳೆಗೆ ದೊಡ್ಡ ಬೊಟ್ಟು, ಕಡಿಮೆಗೆ ಚಿಕ್ಕದು, ಬರದಿದ್ದರೆ ಇಲ್ಲ.

ಹೆಚ್ಚು ಎಂದರೆ ಎಷ್ಟು ಎಂಬ ಪ್ರಶ್ನೆ ಎರಡನೇ ದಿನವೇ ಬಂತು. ಅದಕ್ಕೆ ಬಾಟಲಿ ಬೇಕಾಯಿತು. ನೀರಿನ ಬಾಟಲಿಯ ಮೇಲ್ಭಾಗ ಕುಯ್ದು, ತಲೆಕೆಳಗಾಗಿ ಅದರ ಬಾಯಿಗೇ ಕೂರಿಸಿ, ತಳದ ಉಬ್ಬು ಮುಚ್ಚುವಷ್ಟು ಕಲ್ಲು ನೀರು ಹಾಕಿ, ಅಲ್ಲಿಂದ ಮೇಲಕ್ಕೆ ಸೆಂಟಿಮೀಟರಿಗೊಂದು ಗೆರೆ. ಮನೆಯ ಸೂರಿನಿಂದ ದೂರ ಇಡಬೇಕು, ಬಗ್ಗಿ ಕಣ್ಣಿನ ಸಮಕ್ಕೆ ನೋಡಿ ಗೆರೆ ಹೇಳಬೇಕು. ಇಷ್ಟನ್ನು ಫೋನಿನಲ್ಲಿ ಅತ್ತೆಯರಿಗೆ ತಿಳಿಸುವಷ್ಟರಲ್ಲಿ ಮಕ್ಕಳಿಗೆ ಸಾಕಾಯಿತು. ಹಂಗಳದ ಚಿಕ್ಕಮ್ಮ ಸೂರಿನ ಕೆಳಗೇ ಇಟ್ಟು, ಬಾಟಲಿ ತುಂಬಿ ಹರಿಯಿತು ಎಂದಳು. ಅವಳ ಲೆಕ್ಕ ತಂದ ಹುಡುಗ ತರಗತಿಗೆ ಎದೆಯುಬ್ಬಿಸಿ ಬಂದು, ಆಮೇಲೆ ತಲೆ ತಗ್ಗಿಸಿ ಕೂತ.

ದಿನ ಕಳೆದಂತೆ ಫ್ಲೆಕ್ಸಿನ ನಡುವೆಯೂ ಮೂಡಲಿಗೂ ಬೊಟ್ಟುಗಳು ಬಂದವು. ಪಡುವಲ ತುದಿ ಬಿಳಿಯಾಗಿಯೇ ಉಳಿಯಿತು. ಮೋಡ ಬರುವುದೇ ಆ ಕಡೆಯಿಂದ, ಅಲ್ಲಿ ನಮಗೆ ಯಾರೂ ಇಲ್ಲ.

“ಆ ಕಡೆ ಬೊಟ್ಟಿಲ್ದ ಬರೀ ಅಣೆ ಅಂಗದೆ ಸಾ” ಎಂದಳು ಹುಡುಗಿ. ಆಮೇಲೆ ನನ್ನ ಕಡೆ ತಿರುಗಿ, “ನಿಮ್ಗೆ ಮದ್ದೂರ್ ಕಡೆ ಯಾರೂ ನೆಂಟ್ರಿಲ್ವಾ?”

ನಾನು ಸೀಮೆಸುಣ್ಣದ ಕೈ ಒರೆಸಿಕೊಂಡೆ. “ಅಕ್ಕ ಇದ್ದಾರೆ” ಅಂದೆ.

“ಮತ್ತ್ಯಾಕೆ ಇಷ್ಟ್ ದಿನ ಏಳ್ನಿಲ್ಲ? ಕೇಳಿ ಸಾ.”

ಅವತ್ತು ಸಂಜೆ ಬಸ್ಸಿಗೆ ಕಾಯುತ್ತಾ ಅಕ್ಕನಿಗೆ ಫೋನ್ ಮಾಡಿದೆ. ಹಬ್ಬವಲ್ಲದ ದಿನ ನನ್ನ ಫೋನು ಕಂಡು ಅವಳು ಹೆದರಿದಳು.

“ಅವ್ವ ಚೆನ್ನಾಗವ್ಳಾ?”

“ಚೆನ್ನಾಗವ್ಳೆ. ನೀನು?”

“ನಂಗೇನು, ಎಲ್ಲಾ ಚೆನ್ನಾಗದೆ.”

“ಅಕ್ಕ, ಇವತ್ತು ನಿಮ್ಮೂರಲ್ಲಿ ಮಳೆ ಬಂತಾ?”

“ಯಾಕ್ಲಾ? ಮೇಷ್ಟ್ರು ಕೆಲ್ಸ ಬುಟ್ಟು ರೇಡಿಯೋ ಸೇರ್ಕಂಡಾ?”

ಎಷ್ಟೋ ಕಾಲದ ಮೇಲೆ ಅವಳು ಹಾಗೆ ಮಾತಾಡಿದ್ದು. ನಾನು ಮಕ್ಕಳ ಪ್ರಶ್ನೆ ಹೇಳಿದೆ, ಬಾಟಲಿಯ ವಿಷಯ ಹೇಳಿದೆ. ಅವಳು ತಕ್ಷಣ ಕೇಳಲು ಶುರು ಮಾಡಿದಳು. ಗಾಳಿಗೆ ಹನಿ ಓರೆಯಾಗಿ ಬಿದ್ದರೆ ಏನು ಮಾಡುವುದು, ಬಿಸಿಲಿಗೆ ನೀರು ಆರಿಹೋದರೆ ಯಾವ ಲೆಕ್ಕ, ಬೆಳಗ್ಗೆ ನೋಡುವುದೋ ಸಂಜೆಯೋ. ಕೆಲವನ್ನು ಮಕ್ಕಳಿಗೇ ಕೇಳಲು ಬರೆದಿಟ್ಟುಕೊಂಡೆ.

“ಬಾಟ್ಲು ಮಾಡಿ ಬಸ್ಸಲ್ಲಿ ಕಳಿಸ್ಲಾ?” ಅಂದೆ.

“ಕಂಡಕ್ಟರ್ ಕೈಲಿ ಏನೂ ಕಳಿಸ್ಬೇಡ ನೀನು. ನಾನೇ ಕುಯ್ಕತೀನಿ.”

ಮರುದಿನದಿಂದ ಸಂಜೆ ಅವಳ ಫೋನು ಬರತೊಡಗಿತು. ಹೆಚ್ಚು ಮಾತಿಲ್ಲ. “ಎರಡೂವರೆ ಗೆರೆ.” “ಇವತ್ತು ಸೋನೆ, ಒಂದು ಗೆರೆ.” ನಾನು ಅದನ್ನು ಹೇಳಿಕೊಳ್ಳುತ್ತಾ ಮನೆಯೊಳಗೆ ಬಂದರೆ ಅವ್ವ ಸೊಪ್ಪು ಬಿಡಿಸುವುದನ್ನು ನಿಲ್ಲಿಸುತ್ತಿದ್ದಳು. ಅಪ್ಪ ಟೀವಿಯಿಂದ ಕಣ್ಣು ತೆಗೆಯುತ್ತಿರಲಿಲ್ಲ. ಆದರೆ ಸ್ವಲ್ಪ ಹೊತ್ತಿಗೆ, ಯಾರನ್ನೋ ಕೇಳುವಂತೆ, “ಎಷ್ಟಂತೆ?” ಅನ್ನುತ್ತಿದ್ದರು.

“ಎರಡೂವರೆ.”

“ಊಂ.”

ಹಾಗೆ ದಿನವೂ. ನಾನು ಮರೆತರೂ ಅವರು ಮರೆಯುತ್ತಿರಲಿಲ್ಲ. ನಾನು ಬಸ್ಸು ತಪ್ಪಿ ತಡವಾಗಿ ಬಂದ ದಿನ ಬಾಗಿಲಲ್ಲೇ ನಿಂತು ಕೇಳಿದ್ದುಂಟು.

ಶಾಲೆಯ ಫ್ಲೆಕ್ಸಿನ ಮೇಲೆ ಪಡುವಲ ತುದಿಗೆ ಎಲ್ಲಕ್ಕಿಂತ ದೊಡ್ಡ ಬೊಟ್ಟು ಬಂತು. ಅಲ್ಲಿಂದ ಮೂಡಲಿಗೆ ಬಂದಂತೆ ಚಿಕ್ಕದಾಗುತ್ತಾ ಬರಬೇಕು ಎಂದು ಮಕ್ಕಳಿಗೇ ಹೊಳೆಯತೊಡಗಿತ್ತು. ಆದರೆ ಕೊನೆಯಲ್ಲಿ ಚಂದಕವಾಡಿಯದು ಮತ್ತೆ ದೊಡ್ಡದು. ನಮ್ಮ ಹುಡುಗಿಯ ಅತ್ತೆ ದಿನವೂ “ಒಳ್ಳೆ ಮಳೆ, ಎರಡು ಗೆರೆ” ಎನ್ನುತ್ತಿದ್ದಳು. ಹಿಂದಿನ ಸಾಲಿನ ಹುಡುಗನ ಮಾವ ಪಕ್ಕದ ಊರಿನವನು, ಅವನು ಧೂಳು ಎನ್ನುತ್ತಿದ್ದ.

“ನಿಮ್ಮಾವ ಕುರುಡ ಕಣ್ಲಾ.”

“ನಿಮ್ಮತ್ತೆ ಸುಳ್ಳಿ.”

ಇಬ್ಬರನ್ನೂ ಬಿಡಿಸಿ, ಯಾರು ಸರಿ ಎಂದು ತಿಳಿಯುವುದು ಹೇಗೆ ಎಂದು ಕೇಳಿದೆ. ಕಣ್ಣಿಂದ ನೋಡಬೇಕು ಎಂದರು. ಆ ಭಾನುವಾರ ಹುಡುಗಿ ಅಪ್ಪನ ಬೈಕಿನಲ್ಲಿ ಅತ್ತೆಯ ಊರಿಗೆ ಹೋಗಿ ಬಂದಳು. ಸೋಮವಾರ ಬಂದವಳು ಕೈ ಕಟ್ಟಿ ನಿಂತಳು.

“ಬಾಟ್ಲಲ್ಲಿ ಬಟ್ಟೆ ಸೋಪಿನ್ ಪುಡಿ ಅದೆ ಸಾ.”

ಕ್ಲಾಸು ಕುಣಿಯುವಂತೆ ನಕ್ಕಿತು. ಅವಳು ಅಳಲಿಲ್ಲ. ನಗು ನಿಲ್ಲುವವರೆಗೆ ಕಾದು, “ನಗ್ಬೇಡ್ರಿ. ನಮ್ಮಪ್ಪ ಬೈದ್ರೆ ಅತ್ತೆ ಏನಂದ್ಲು ಗೊತ್ತಾ? ಗಂಡನ್ ಊರಲ್ಲಿ ಮಳೆ ಇಲ್ಲ, ಒಣಗೋಯ್ತಾ ಅದೆ ಅಂತ ತೌರ್ಗೆ ಎಂಗೇಳ್ಳಿ ಅಂದ್ಲು. ನೀವು ಕೊಟ್ಟಿರೋ ಮನೆ ಚೆನ್ನಾಗಿಲ್ಲ ಅಂದಂಗಾಯ್ತದಲ್ಲ ಅಂದ್ಲು” ಎಂದಳು.

ಎಲ್ಲರ ಮನೆಯಲ್ಲೂ ಅಂಥ ಒಬ್ಬ ಅತ್ತೆ ಇದ್ದಳು. ನನಗೆ ಅಕ್ಕನ “ಎಲ್ಲಾ ಚೆನ್ನಾಗದೆ” ಕಿವಿಯಲ್ಲಿ ಕೇಳಿದಂತಾಯಿತು.

ಆಮೇಲೆ ಮಕ್ಕಳೇ ಒಂದು ನಿಯಮ ಮಾಡಿದರು. ಒಂದು ಸಲವಾದರೂ ಯಾರಾದರೂ ಹೋಗಿ ಕಣ್ಣಾರೆ ಕಂಡ ಬಾಟಲಿಗೆ ಮಾತ್ರ ಬೊಟ್ಟು. ಒಂದೊಂದೇ ಊರು ಮುಗಿಯಿತು. ಕೊನೆಗೆ ಹುಡುಗಿ ಪಡುವಲ ತುದಿಯ ದೊಡ್ಡ ಬೊಟ್ಟಿನ ಮೇಲೆ ಬೆರಳಿಟ್ಟಳು.

“ಇದ್ನ ಯಾರೂ ನೋಡಿಲ್ಲ.”

“ನಮ್ಮಕ್ಕ ಸುಳ್ಳು ಹೇಳಲ್ಲ” ಅಂದೆ.

“ನಮ್ಮತ್ತೆನೂ ಏಳಲ್ಲ ಅಂದ್ಕಂಡಿದ್ದೆ ಸಾ.”

ಬೊಟ್ಟು ಕಿತ್ತರು.

ಮನೆಯಲ್ಲಿ ಹೇಳಿದೆ, ಮಕ್ಕಳ ಪಾಠಕ್ಕೆ ಬಾಟಲಿ ನೋಡಿಕೊಂಡು ಬರಬೇಕು ಎಂದು. ಅವ್ವ ಅಪ್ಪನ ಮುಖ ನೋಡಿದಳು. ಅಪ್ಪ, “ಇಸ್ಕೂಲ್ ಕೆಲ್ಸ ಅಲ್ವಾ, ಓಗ್ಬುಟ್ಟು ಬಾ” ಅಂದರು. ಬಾಟಲಿ ನೋಡುವುದಕ್ಕೆ ಯಾರೂ ಯಾರನ್ನೂ ಕರೆಯಬೇಕಾಗಿರಲಿಲ್ಲ.

ಗುಂಡ್ಲುಪೇಟೆ ದಾಟುವವರೆಗೆ ಬಸ್ಸಿನ ಗಾಜು ಒಣಗಿತ್ತು. ಮದ್ದೂರಿನ ಕಡೆ ತಿರುಗಿ ಸ್ವಲ್ಪ ದೂರಕ್ಕೆ ತೆಳ್ಳಗೆ ಹನಿ ಬಿತ್ತು, ಇಳಿಯುವಾಗ ಸೋನೆ ಹಿಡಿದಿತ್ತು. ಪಾಠ ಅಷ್ಟೇ. ಒಂದು ಬಸ್ ಟಿಕೆಟಿನಲ್ಲಿ ಮುಗಿಯುವುದನ್ನು ನಾವು ಮಳೆಗಾಲವಿಡೀ ಹುಡುಕಿದ್ದೆವು. ಆದರೂ ಹುಡುಕಿದ್ದಕ್ಕೇ ನಾನು ಆ ಬಸ್ಸಿನಲ್ಲಿದ್ದೆ.

ಅಕ್ಕನ ಅಂಗಳದಲ್ಲಿ, ಸೂರಿನಿಂದ ದೂರ, ಒಗೆಯುವ ಕಲ್ಲಿನ ಮೇಲೆ ಬಾಟಲಿ ಇತ್ತು. ಕೋಳಿ ಬೀಳಿಸದಂತೆ ಸುತ್ತ ಮುಳ್ಳುಕಡ್ಡಿ ನೆಟ್ಟಿದ್ದಳು. ಗಾಳಿಗೆ ಅಲುಗದಂತೆ ಬುಡಕ್ಕೆ ಸಗಣಿ ಮೆತ್ತಿದ್ದಳು. ಭಾವ ಜಗಲಿಯಿಂದ ಎದ್ದು ಬಂದರು.

“ಏನ್ ಮೇಷ್ಟ್ರೆ, ತನಿಖೆಗೆ ಬಂದ್ರಾ?”

“ಹೌದು ಭಾವ. ಮಕ್ಕಳು ನಂಬ್ತಾ ಇಲ್ಲ.”

“ನೋಡ್ಕಳಿ. ಬೆಳಿಗ್ಗೆ ನಾನೇ ನೋಡದು, ಸಂಜೆ ಇವಳು. ನಿಮ್ಮೂರ್ಗೆ ಬರೋ ಮಳೆನೆಲ್ಲ ಇಲ್ಲೇ ಇಡ್ಕಂಡು, ಉಳಿದ್ರೆ ನಿಮ್ ಕಡಿಕ್ಕೆ ಬುಡ್ತೀವಿ.”

ನಾನು ಮೊಣಕಾಲೂರಿ ನೋಡಿದೆ. ಹಿಂದಿನ ಸಂಜೆ ಅವಳು ಹೇಳಿದ ಲೆಕ್ಕದ ನೀರನ್ನು ಚೆಲ್ಲಿರಲಿಲ್ಲ, ಅದರ ಮೇಲೆ ಅವತ್ತಿನ ಸೋನೆ ಅರ್ಧ ಗೆರೆ ಏರಿತ್ತು. ಸರಿಯಾಗಿತ್ತು.

ಅಕ್ಕ ರೊಟ್ಟಿ ಹಾಕಿದಳು. ತಲೆಯಲ್ಲಿ ನರೆ ಬಂದಿತ್ತು. ಭಾವನ ಮುಂದೆ ಅವಳು ಮನೆಯ ವಿಷಯ ಕೇಳಲಿಲ್ಲ, ನಾನೂ ಎತ್ತಲಿಲ್ಲ. ಬಸ್ಸಿಗೆ ಬಿಡಲು ಕೊಡೆ ಹಿಡಿದು ಬಂದವಳು ದಾರಿಯಲ್ಲಿ ಹೇಳಿದಳು:

“ಒಂದಿನಾನೂ ಸುಳ್ಳು ಏಳಿಲ್ಲ ಕಣ್ಲಾ. ಬರದಿದ್ ದಿನ ಇಲ್ಲ ಅಂತ್ಲೇ ಏಳಿದ್ದೀನಿ. ಮಿಕ್ಕಿದ್ದುಕ್ಕೆಲ್ಲ ಚೆನ್ನಾಗದೆ ಅಂದೆ, ತೌರ್ಗೆ ನಾನು ಇಲ್ಲ ಅಂದಿದ್ದು ಅದೊಂದೇಯ.”

ಬಸ್ ಸ್ಟ್ಯಾಂಡಿನ ತಗಡಿನ ಕೆಳಗೆ ನಿಂತೆವು. ಆಮೇಲೆ ಅವಳು ಬೇರೆ ಕಡೆ ನೋಡುತ್ತಾ, “ಅಡಿಗೆಮನೆ ಕಿಟಕಿ ಯಾವ್ ಕಡಿಕ್ಕಿಟ್ಟಿದ್ದೀರಿ?” ಎಂದಳು.

“ಮೂಡ್ಲಕ್ಕೆ.”

“ಒಲೆ ಮುಂದೆ ನಿಂತ್ರೆ ಏನ್ ಕಾಣ್ತದೆ?”

ಒಂದು ಕಡ್ಡಿ ತೆಗೆದುಕೊಂಡು ಒದ್ದೆ ಮಣ್ಣಿನಲ್ಲಿ ನಮ್ಮ ಮನೆ ಬರೆದೆ. ಇದು ಬಾಗಿಲು, ಇದು ಪಡಸಾಲೆ, ಇಲ್ಲಿ ಅಪ್ಪ ಕೂರುವುದು, ಇದು ಅಡುಗೆಮನೆ, ಕಿಟಕಿಯಾಚೆ ನುಗ್ಗೆ ಮರ. ನನಗೆ ಎಸ್ಸೆಸ್ಸೆಲ್ಸಿಗೆ ನಕ್ಷೆ ಬರೆಯಲು ಕಲಿಸಿದವಳು ಅವಳು. ಬಗ್ಗಿ ಒಂದೊಂದೇ ಕೋಣೆ ನೋಡಿದಳು. ಮೂಲೆಯ ಕೋಣೆಯ ಮೇಲೆ ಬೆರಳಿಟ್ಟು, “ಇದು?” ಅಂದಳು.

“ಅದು ನಿಂದು.”

ಬಸ್ಸು ಬಂತು. ನಾನು ಹತ್ತಿ ತಿರುಗಿ ನೋಡಿದಾಗ ಅವಳು ಕೊಡೆಯನ್ನು ತನ್ನ ತಲೆಗಲ್ಲ, ಆ ಗೆರೆಗಳ ಮೇಲೆ ಹಿಡಿದು ನಿಂತಿದ್ದಳು.

ಮರುದಿನ ಪಡುವಲ ತುದಿಗೆ ಮತ್ತೆ ಬೊಟ್ಟು ಬಂತು. ಚಂದಕವಾಡಿಗೆ ಏನೂ ಇಲ್ಲ. ಮಕ್ಕಳು ಫ್ಲೆಕ್ಸಿನ ಮುಂದೆ ಗುಂಪಾಗಿ ನಿಂತು ತುಂಬಾ ಹೊತ್ತು ನೋಡಿದರು. ಕೊನೆಗೆ ಹುಡುಗಿ ನಿಧಾನವಾಗಿ, “ಸಾ, ಮೋಡ ಮುಂದಕ್ಕೋಗಿ ಎಲ್ಲೋ ಬೀಳ್ತವೆ ಅಂದ್ಕಂಡಿದ್ದೊ. ಬೆಟ್ಟದ ಕಡೆ ಇಂದ್ಗಡೆಯೇ ಬಿದ್ಬುಟ್ಟು, ನಮ್ ತಾವ್ಕೆ ಬರೋವೊತ್ಗೆ ಖಾಲಿ ಆಗಿರ್ತವೆ” ಎಂದಳು. ಪುಸ್ತಕದಲ್ಲಿ ಅದಕ್ಕೆ ಮಳೆನೆರಳು ಎಂಬ ಮಾತಿದೆ. ನಾನು ಆಮೇಲೆ ಹೇಳಿದೆ. ಆ ಹೊತ್ತಿಗೆ ಅವರಿಗೆ ಅದು ಬೇಕಾಗಿರಲಿಲ್ಲ. ಅವರ ಪ್ರಶ್ನೆ ಬೇರೆಯಾಗಿತ್ತು.

“ನಿಮ್ಮಕ್ಕ ಯಾವಾಗ್ ಬತ್ತಾರೆ ಸಾ ನಿಮ್ಮನೆಗೆ?”

ಹೋಗಿ ಬಂದದ್ದನ್ನು ಹೇಳುವಾಗ ಕಾರ್ಡಿನ ಕಥೆಯೂ ಬಾಯಿಗೆ ಬಂದುಬಿಟ್ಟಿತ್ತು. ಅಂದಿನಿಂದ ಹಾಜರಿ ಮುಗಿದ ಕೂಡಲೇ ಯಾರಾದರೊಬ್ಬರು, “ಅಕ್ಕ ಬಂದ್ರಾ ಸಾ?” ಎನ್ನುವುದು ಅಭ್ಯಾಸವಾಯಿತು. ಇಲ್ಲ ಎಂದರೆ ಪಾಠ ಶುರು.

ದಸರೆ ಕಳೆದು ಹಿಂಗಾರು ಹಿಡಿಯಿತು. ಈಗ ಮೋಡ ತಮಿಳುನಾಡಿನ ಕಡೆಯಿಂದ. ಬೊಟ್ಟುಗಳು ಮೂಡಲಿಂದ ಪಡುವಲಿಗೆ ಚಿಕ್ಕದಾದವು. ಚಂದಕವಾಡಿಯ ಅತ್ತೆ ತಾನಾಗಿಯೇ ಬಾಟಲಿಯ ಫೋಟೋ ಕಳಿಸಿದಳು, ಅದರಲ್ಲಿ ಸೋಪಿನ ಪುಡಿ ಇರಲಿಲ್ಲ. ಹುಡುಗಿ ಅಪ್ಪನ ಫೋನನ್ನು ಇಡೀ ಕ್ಲಾಸಿಗೆ ತೋರಿಸಿಕೊಂಡು ಬಂದಳು.

ಅಷ್ಟರಲ್ಲಿ ನಮ್ಮ ಮನೆಯ ಅಂಗಳದಲ್ಲೂ ನಾನೊಂದು ಬಾಟಲಿ ಇಟ್ಟಿದ್ದೆ. ಒಂದು ಭಾನುವಾರ ಸಂಜೆ ನಮ್ಮ ಮನೆಯ ಮೇಲೆ ಜೋರು ಮಳೆ ಸುರಿದು ಹನಿಗೆ ಬಂದಿತ್ತು. ನನ್ನ ಫೋನು ಟೀವಿಯ ಪಕ್ಕದಲ್ಲಿ ಚಾರ್ಜಿಗೆ ಇತ್ತು. ನಾನು ಹಿತ್ತಲಿನಲ್ಲಿ ಮೋರಿ ಕ್ಲೀನ್ ಮಾಡುತ್ತಿದ್ದೆ. ಅದು ಬಡಿದುಕೊಂಡಾಗ ಅಪ್ಪನೇ ಎತ್ತಿದರು. ಸ್ಪೀಕರ್ ಹೇಗೆ ಆಫ್ ಮಾಡುವುದೆಂದು ಅವರಿಗೆ ಗೊತ್ತಿಲ್ಲ, ಹಾಗಾಗಿ ಅಕ್ಕನ ದನಿ ಹಿತ್ತಲಿಗೂ ಕೇಳಿತು.

“ಎಷ್ಟ್ ಬಂತ್ಲಾ ನಿಮ್ಗೆ?”

ಅಪ್ಪ ಫೋನನ್ನು ಬಾಯಿಯ ಹತ್ತಿರ ತಂದರು. “ಚೆನ್ನಾಗಿ ಬಂತು ಕಣವ್ವ.”

ಅತ್ತಲಿಂದ ಅಕ್ಕ ಸಣ್ಣ ದನಿಯಲ್ಲಿ, “ಚೆನ್ನಾಗಿ ಅಂದ್ರೆ ಎಷ್ಟಪ್ಪ? ಗೆರೆ ನೋಡ್ಬುಟ್ಟು ಏಳು.”

ಅಪ್ಪ ಫೋನು ಹಿಡಿದೇ ಅಂಗಳಕ್ಕೆ ಹೋದರು. ಹನಿಯಲ್ಲಿ ನಿಂತು, “ನಾಕು” ಅಂದರು.

“ನಿಂತ್ಕಂಡು ನೋಡಿದ್ಯಾ? ಬಗ್ಗಿ ನೋಡ್ಬೇಕಪ್ಪ.”

“ಮಂಡಿ ಬಗ್ಗಲ್ಲ ಕಣವ್ವ.”

“ಅಂಗಾರೆ ಬುಡು.”

ಅಪ್ಪ ಬಿಡಲಿಲ್ಲ. ಒಂದು ಕೈಯಲ್ಲಿ ಕಾಂಪೌಂಡ್ ಗೋಡೆ ಹಿಡಿದು, ಉಸಿರು ಬಿಗಿಹಿಡಿದು, ಕುಕ್ಕರಗಾಲಿನಲ್ಲಿ ಕೂತರು. ಅವ್ವ ಬಾಗಿಲಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು.

“ಮೂರೂವರೆ” ಅಂದರು ಅಪ್ಪ.

ಮುಂದಿನ ವಾರ ನನ್ನ ಜಾಗಕ್ಕೆ ಕಾಯಂ ಮೇಷ್ಟ್ರು ಬಂದರು. ಒಳ್ಳೆಯವರು. ಫ್ಲೆಕ್ಸು ನೋಡಿ ಚೆನ್ನಾಗಿದೆ ಎಂದರು. ಮಧ್ಯಾಹ್ನದ ಊಟವಾದ ಮೇಲೆ ನಾನು ನನ್ನ ಲೋಟ, ಚೀಲ ತೆಗೆದುಕೊಂಡೆ. ಮಕ್ಕಳು ಗೇಟಿನವರೆಗೂ ಬಂದರು. ಹುಡುಗಿ ಮುಂದೆ ಬಂದು ಕೇಳಿದಳು.

“ನಿಮ್ಮಕ್ಕ ಬಂದ್ರೆ ನಮ್ಗೆ ಯಾರ್ ಏಳ್ತಾರೆ ಸಾ?”

“ಹೇಳಿ ಕಳಿಸ್ತೀನಿ” ಅಂದೆ.

“ಕಂಡಕ್ಟರ್ ಕೈಲಾ?” ಎಂದ ಹಿಂದಿನ ಸಾಲಿನ ಹುಡುಗ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಅದಾದ ಮೇಲೆ ಒಂದು ಬೆಳಿಗ್ಗೆ ಅಪ್ಪ ಗಡ್ಡ ಹೆರೆಸಿಕೊಂಡು ಬಂದು, ಪೆಟ್ಟಿಗೆಯ ಬಿಳಿ ಪಂಚೆ ಕೇಳಿದರು. ಅವ್ವ ಏನೂ ಕೇಳದೆ ಅರಿಶಿನ ಕುಂಕುಮ, ಎಲೆ ಅಡಿಕೆ ಚೀಲಕ್ಕೆ ಹಾಕಿದಳು. ನಾನೇ ತಡೆಯಲಾರದೆ, “ಮನೆಯಲ್ಲಿ ಕಾರ್ಯ ಏನೂ ಇಲ್ವಲ್ಲಪ್ಪ, ಏನಂತ ಕರೀತೀಯ?” ಅಂದೆ.

“ನಮ್ಮನೆ ಬಾಟ್ಲು ನೋಡಕ್ಕೆ ಬನ್ನಿ ಅಂತೀನಿ” ಎಂದು ಚಪ್ಪಲಿ ಮೆಟ್ಟಿಕೊಂಡರು.

ಅಕ್ಕ ಮತ್ತು ಭಾವ ಬಂದರು. ಭಾವ ಒಳಗೆ ಕಾಲಿಡುವ ಮೊದಲೇ ಅಂಗಳದಲ್ಲಿ ನಿಂತು, ಬಾಟಲಿ ಗೋಡೆಗೆ ಹತ್ತಿರವಾಯಿತು, ಲೆಕ್ಕ ತಪ್ಪುತ್ತದೆ ಎಂದು ಅಪ್ಪನಿಗೆ ತಿಳಿಸಿದರು. ಅಪ್ಪ ಹೌದಾ ಎಂದು ಅದನ್ನು ಎತ್ತಿ ಅವರು ತೋರಿಸಿದ ಕಡೆ ಇಟ್ಟರು. ಅಕ್ಕ ಯಾರನ್ನೂ ದಾರಿ ಕೇಳಲಿಲ್ಲ. ಪಡಸಾಲೆ ದಾಟಿ ಅಡುಗೆಮನೆಗೆ ಹೋದಳು, ಒಲೆಯ ಮುಂದೆ ನಿಂತಳು, ಕಿಟಕಿ ತೆಗೆದಳು.

“ನೀನು ನುಗ್ಗೆ ಮರನ ವಸಿ ಎಡಕ್ಕೆ ಬರ್ದಿದ್ದೆ ಕಣ್ಲಾ” ಎಂದಳು. “ಮಿಕ್ಕಿದ್ದೆಲ್ಲ ಸರಿಯಾಗದೆ.”

ನಾನು ಈಗ ಗುಂಡ್ಲುಪೇಟೆಯ ಒಂದು ಖಾಸಗಿ ಶಾಲೆಯಲ್ಲಿದ್ದೇನೆ. ಇಲ್ಲಿ ಪೋರ್ಷನ್ ಬೇಗ ಮುಗಿಯಬೇಕು, ಬಾಟಲಿಗೆ ಸಮಯವಿಲ್ಲ. ದಿನವೂ ನನ್ನ ಬಸ್ಸು ಆ ಹಳ್ಳಿಯ ಶಾಲೆಯ ಮುಂದೆಯೇ ಹೋಗುತ್ತದೆ. ಕಾಂಪೌಂಡಿನ ಮೇಲೆ ನಮ್ಮ ಬಾಟಲಿ ಇನ್ನೂ ಇದೆ. ಅದರಲ್ಲಿ ನೀರಿದ್ದರೆ ಗೆರೆ ಕಾಣುತ್ತದೋ ಎಂದು ಸೀಟಿನಲ್ಲೇ ಬಗ್ಗಿ ನೋಡುತ್ತೇನೆ, ಅಷ್ಟರಲ್ಲಿ ಬಸ್ಸು ಮುಂದೆ ಹೋಗಿರುತ್ತದೆ. ಇಳಿದು ಒಳಗೆ ಹೋಗಬೇಕು ಅನ್ನಿಸುತ್ತದೆ. ಇನ್ನೊಬ್ಬ ಮೇಷ್ಟ್ರ ಕ್ಲಾಸಿನ ಬಾಗಿಲಲ್ಲಿ ಕರೆಯದೆ ಹೋಗಿ ನಿಲ್ಲಲು ಮನಸ್ಸು ಒಪ್ಪುವುದಿಲ್ಲ. ಆ ಮಕ್ಕಳು ಹಾಜರಿಯಾದ ಮೇಲೆ ಈಗಲೂ ಕೇಳಿಕೊಳ್ಳುತ್ತಾರೋ, ಮರೆತಿದ್ದಾರೋ. ಅವರಲ್ಲಿ ಯಾರಿಗಾದರೂ, ಅವರ ಅತ್ತೆಯರಲ್ಲಿ ಯಾರಿಗಾದರೂ ಈ ಬರಹ ಸಿಕ್ಕರೆ ದಯವಿಟ್ಟು ತಿಳಿಸಿ, ಅಕ್ಕ ಬಂದರು ಎಂದು.

ನಿಮ್ಮ ಊರಿಗೆ ಮಳೆ ಯಾವ ಕಡೆಯಿಂದ ಬರುತ್ತದೆ, ಆ ಕಡೆ ನಿಮಗೆ ಯಾರಿದ್ದಾರೆ? ನೀವು ಬಿಟ್ಟು ಬಂದ ಕ್ಲಾಸು, ಉತ್ತರ ಹೇಳಲಾಗದೆ ಉಳಿದ ಮಕ್ಕಳ ಪ್ರಶ್ನೆ ನಿಮಗೂ ಇದ್ದರೆ ಇಲ್ಲಿ ಕೆಳಗೆ ಬರೆಯಿರಿ. ಓದುವುದು ನನಗೆ ನಿಧಾನ, ಆದರೆ ಎಲ್ಲವನ್ನೂ ಓದುತ್ತೇನೆ.